ಗೌರಾಬಾಯಿ ಬಿಟ್ಟು ಹೋದ ರೊಕ್ಕ

ಸತ್ತವರ ಹೆಸರು ಹಿಡಿದು ಯಾರಾದರೂ ಹೊರಗೆ ನಿಂತು ಕೂಗಿದರೆ ಒಂದೇ ಕೂಗಿಗೆ ಓಗೊಡಬಾರದು, ಮೂರು ಕೂಗು ಆಗುವ ತನಕ ಕಾಯಬೇಕು ಎಂದು ಹಿಂದಿನವರು ಹೇಳುತ್ತಿದ್ದರು. ಮಾನಮ್ಮ ಕಾದಳು. ಪುಣೆಯ ಸ್ವಾರಗೇಟ ಹಿಂದಿನ, ಹತ್ತಾರು ಬಾಡಿಗೆ ಸಂಸಾರಗಳ ಹಳೆಯ ವಾಡೆಯ ಅಂಗಳದಲ್ಲಿ ಅಂಚೆಯವನು ನಿಂತು "ಗೌರಾಬಾಯಿ!" ಎಂದು ಮೂರನೆಯ ಸಲ ಕೂಗಿದಾಗ ಅವಳು ರೊಟ್ಟಿಯ ಹಿಟ್ಟಿನ ಕೈಯಲ್ಲೇ ಮೆಟ್ಟಿಲಿಳಿದು ಹೋದಳು.

ಗೌರಾಬಾಯಿ ಅವಳ ಅತ್ತೆ. ತೀರಿಕೊಂಡು ಮೂರು ವರ್ಷವಾಗಿತ್ತು.

ಬಂದದ್ದು ಬ್ಯಾಂಕಿನ ಕಾಗದ. ಮುದುಕಿ ಹನ್ನೊಂದು ವರ್ಷದ ಹಿಂದೆ ಯಾರಿಗೂ ಹೇಳದೆ ಠೇವಣಿ ಇಟ್ಟಿದ್ದಳು. ಅದರ ಅವಧಿ ಮುಗಿದು ಎಷ್ಟೋ ದಿನವಾಗಿತ್ತು, ಬಂದು ಕೇಳಿದವರಿಲ್ಲ. ತನ್ನ ನಂತರ ಮಗ ಪಂಢರಿನಾಥನಿಗೆ ಸೇರಲಿ ಎಂದು ಬರೆಸಿದ್ದಳು. ಕಣ್ಣು ಕಾಣುವ ತನಕ ಅವಳು ಮಂದಿಗೆ ಹೊದೆಯುವ ಕೌದಿ ಹೊಲಿದುಕೊಟ್ಟು ನಾಲ್ಕು ಕಾಸು ಗಳಿಸುತ್ತಿದ್ದಳು. ಆ ರೊಕ್ಕವೆಲ್ಲ ಹಲ್ಲಿಗೆ ತಿಕ್ಕುವ ಹುರಿದ ತಂಬಾಕಿನ ಪುಡಿಗೆ, ಮಿಶ್ರಿಗೆ ಹೋಯಿತು ಎಂದೇ ಮಾನಮ್ಮ ತಿಳಿದಿದ್ದಳು.

ಕಾಗದಪತ್ರ ಕೊಟ್ಟು, ನಾಲ್ಕು ಸಲ ಓಡಾಡಿದ ಮೇಲೆ ಪಂಢರಿನಾಥನ ಖಾತೆಗೆ ರೊಕ್ಕ ಬಂತು. ಎರಡು ಲಕ್ಷ ಹದಿನಾಲ್ಕು ಸಾವಿರದ ಮುನ್ನೂರ ಆರು ರೂಪಾಯಿ. ಕ್ಯಾಂಪ್ ಪೇಟೆಯ ಅರಿವೆ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡುವ ಅವನು ಇಷ್ಟು ರೊಕ್ಕವನ್ನು ತನ್ನದೆಂದು ಹಿಂದೆಂದೂ ನೋಡಿರಲಿಲ್ಲ.

ಮಾನಮ್ಮನ ಎದೆಯಲ್ಲಿ ಒಂದೇ ಲೆಕ್ಕ. ಮಗಳು ಸ್ನೇಹಲ್‌ಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ತಿಂಗಳ ಕೊನೆಯೊಳಗೆ ಅರವತ್ತು ಸಾವಿರ ಕಟ್ಟದಿದ್ದರೆ ಸೀಟು ಬೇರೆಯವರ ಪಾಲು. ಹುಡುಗಿ ಆಗಲೇ ಆಸೆ ಬಿಟ್ಟು, ಅಪ್ಪನ ಅಂಗಡಿಯ ಹತ್ತಿರವೇ ಕೆಲಸ ಕೇಳಿಕೊಂಡು ಬಂದಿದ್ದಳು.

"ರೀ, ಇದರಾಗ ಮೊದಲು ಆಕಿ ಫೀ ಕಟ್ಟೂಣು," ಎಂದಳು ಮಾನಮ್ಮ.

"ತಡಿ," ಎಂದ ಪಂಢರಿನಾಥ. "ಇದು ನನ್ನ ರೊಕ್ಕ ಅಲ್ಲ. ಅವ್ವಂದು. ಆಕಿ ಏನಂತಾಳ ಕೇಳಬೇಕು."

"ಸತ್ತಾಕಿನ್ನ ಹೆಂಗ ಕೇಳ್ತೀರಿ?"

ಇಬ್ಬರಿಗೂ ನೆನಪಾದದ್ದು ಒಂದೇ. ಗೌರಾಬಾಯಿಯ ಹತ್ತನೆಯ ದಿನ ನದಿಯ ದಂಡೆಯಲ್ಲಿ ಪಿಂಡ ಇಟ್ಟು ಮಧ್ಯಾಹ್ನದ ತನಕ ಕಾದಿದ್ದರು. ಸುತ್ತಲಿನ ಮರದ ತುಂಬ ಕಾಗೆಗಳು. ಒಂದೂ ಕೆಳಗಿಳಿಯಲಿಲ್ಲ. ಕೊನೆಗೆ ಭಟ್ಟರು ದರ್ಭೆಯ ಕಾಗೆ ಮಾಡಿ ಮುಟ್ಟಿಸಿದರು. ಮುದುಕಿಯ ಏನೋ ಆಸೆ ಉಳಿದಿದೆ ಎಂದು ಮಂದಿ ಪಿಸುಗುಟ್ಟಿದ್ದರು.

ರೊಕ್ಕ ಬಂದ ಮರುದಿನ ಸಂಜೆ ಹಿಂದಿನ ಕಿಟಕಿಯ ಪೈಪಿನ ಮೇಲೆ ಒಂದು ಕಾಗೆ ಬಂದು ಕೂತಿತು. ಕಾ ಎನ್ನಲಿಲ್ಲ. ಕುತ್ತಿಗೆ ಓರೆ ಮಾಡಿ ಒಳಗೆ ನೋಡಿತು, ಅಷ್ಟೆ. ಅದು ನೋಡುತ್ತಿದ್ದದ್ದು ಗೌರಾಬಾಯಿ ಮಲಗುತ್ತಿದ್ದ ಮೂಲೆಯನ್ನು. ಅದೇ ಹೊತ್ತಿಗೆ ಮನೆಯಲ್ಲಿ ಸುಟ್ಟ ತಂಬಾಕಿನ ವಾಸನೆ. ಮೂರು ವರ್ಷದಿಂದ ಆ ಮನೆಯಲ್ಲಿ ಯಾರೂ ಮಿಶ್ರಿ ಹುರಿದಿರಲಿಲ್ಲ.

"ಮಮ್ಮಿ, ಆಜಿ ವಾಸನಿ ಬರಾಕ್ಹತ್ತೇದ," ಎಂದು ಸ್ನೇಹಲ್ ಸಣ್ಣ ದನಿಯಲ್ಲಿ ಹೇಳಿದಳು.

ಅಂದಿನಿಂದ ಪಂಢರಿನಾಥನಿಗೆ ಒಂದು ಚಾಳಿಯಾಯಿತು. ಅಂಗಡಿಯಿಂದ ಬರುವುದು, ಕೈಕಾಲು ತೊಳೆಯುವುದು, ಕಿಟಕಿಯ ಹಲಗೆಯ ಮೇಲೆ ಒಂದು ಮುಷ್ಟಿ ಅನ್ನ ಇಡುವುದು. ಆಮೇಲೆ ಬಾಗಿಲು ಮುಚ್ಚಿಕೊಂಡು ಕಾಗೆಯ ಜೊತೆ ಪಿಸುಮಾತು.

"ಅವ್ವಾ, ಕರಿ ದಡಿ ಇಳಕಲ್ ಸೀರಿ ಉಡಿಸೇ ಕಳಿಸೀನಿ. ಮಿಶ್ರಿ ಡಬ್ಬಿನೂ ಜೋಡಿ ಇಟ್ಟೀನಿ. ಮತ್ತೇನು ಉಳದದ? ನಿನ್ನ ಎರಡು ಲಕ್ಷ ಹದಿನಾಲ್ಕು ಸಾವಿರದ ಮುನ್ನೂರಾ ಆರು ರೂಪಾಯಿ ಹಂಗ ಅದ. ಗುಡಿಗೆ ಕೊಡ್ಲೇನು? ಊರಾಗ ಜಾಗಾ ಹಿಡೀಲೇನು? ನಿನ್ನ ಪಂಡ್ಯಾಗ ಹೇಳವಾ."

ಕಾಗೆ ಕೇಳುತ್ತಿತ್ತು. ಅನ್ನ ಮುಟ್ಟುತ್ತಿರಲಿಲ್ಲ. ಹೀಗೆ ಆರು ದಿನ.

ಏಳನೆಯ ದಿನ ಬೆಳಿಗ್ಗೆ ಸುಖೇಶ್ ಬಂದ. ಇವರ ಖೋಲಿಯ ನೇರ ಕೆಳಗೆ, ನೆಲದಂತಸ್ತಿನಲ್ಲಿ ಬಾಡಿಗೆಗೆ ಇದ್ದವನು. ಬಂದು ಆರು ತಿಂಗಳೂ ಆಗಿರಲಿಲ್ಲ. ಇಸ್ತ್ರಿ ಅಂಗಿ, ಮೆತ್ತಗಿನ ಮಾತು. ಪ್ಲಾಟಿನ ಸ್ಕೀಮಿನಲ್ಲಿ ಹಾಕಿದ ರೊಕ್ಕ ಹತ್ತು ತಿಂಗಳಲ್ಲಿ ದುಪ್ಪಟ್ಟು ಮಾಡಿಕೊಡುತ್ತೇನೆ, ಸೇರಲು ಈ ಗುರುವಾರವೇ ಕಡೆಯ ದಿನ ಎನ್ನುತ್ತಿದ್ದ. ವಾಡೆಯ ಭೀಮಣ್ಣ ಮಿಲ್ಲಿನಿಂದ ನಿವೃತ್ತನಾದಾಗ ಬಂದದ್ದನ್ನೆಲ್ಲ ಅವನ ಕೈಗೆ ಹಾಕಿ, ಎರಡು ತಿಂಗಳು ಬಡ್ಡಿ ಎಣಿಸಿಕೊಂಡು ಮೀಸೆ ತಿರುವುತ್ತಿದ್ದ.

"ಪಂಢರಿ ಅಣ್ಣಾ, ನಗಬ್ಯಾಡ್ರಿ ಮತ್ತ," ಎಂದ ಸುಖೇಶ್. "ಬೆಳಗಿನ ಜಾವ ಕನಸಿನಾಗ ಒಬ್ಬಾಕಿ ಮುದುಕಿ ಬಂದಿದ್ಳು. ಕರಿ ದಡಿ ಇಳಕಲ್ ಸೀರಿ. ಕೈಯಾಗ ಮಿಶ್ರಿ ಡಬ್ಬಿ. 'ಪಂಡ್ಯಾಗ ಹೇಳು, ಎರಡು ಲಕ್ಷ ಹದಿನಾಲ್ಕು ಸಾವಿರದ ಮುನ್ನೂರಾ ಆರು. ಹರಿಹಂಚು ಮಾಡಬ್ಯಾಡ ಅನ್ನು, ಒಂದ ಕಡೆ ಬೆಳಸು ಅನ್ನು' ಅಂದ್ಳು. ಏನಿದು ಆಕಡಾ, ಏನಿದು ಲೆಕ್ಕ? ನನಗಂತೂ ತಿಳೀಲಿಲ್ಲ. ಮಾನಮ್ಮ ವೈನಿ, ನಿಮಗೇನರ ಗೊತ್ತದ ಏನು?"

ಮಾನಮ್ಮ ಚಹದ ಬಸಿ ಕೆಳಗಿಟ್ಟು ಗಂಡನ ಕಡೆ ನೋಡಿದಳು. ಪಂಡ್ಯಾ ಎಂದು ಪಂಢರಿನಾಥನನ್ನು ಕರೆಯುತ್ತಿದ್ದವಳು ಭೂಮಿಯ ಮೇಲೆ ಒಬ್ಬಳೇ. ರೊಕ್ಕದ ಮಾತು ಇವರು ಹೊರಗೆ ಯಾರ ಮುಂದೆಯೂ ಆಡಿರಲಿಲ್ಲ. ಮುನ್ನೂರ ಆರು ಎನ್ನುವ ತನಕ ಅವನಿಗೆ ಹೇಳಿದವರು ಯಾರು?

ಅಂದು ಸಂಜೆ ಪಂಢರಿನಾಥ ಅನ್ನ ಇಟ್ಟು, "ಸುಖೇಶನ ಕೈಯಾಗ ಕೊಡ್ಲಿ ಅವ್ವಾ?" ಎಂದ. ಕಾಗೆ ಹಲಗೆಗೆ ಹಾರಿ ಬಂದು ಒಂದೊಂದೇ ಅಗುಳು ಎತ್ತಿ ತಿಂದಿತು. ಹಲಗೆ ತೊಳೆದಿಟ್ಟಂತಾಯಿತು.

ಪಂಢರಿನಾಥನ ಕಣ್ಣಲ್ಲಿ ನೀರು. "ಮುಗೀತು. ಗುರುವಾರ ಕೊಟ್ಟುಬಿಡ್ತೀನಿ. ಪೂರಾ."

"ಮತ್ತ ಸ್ನೇಹಲ್?"

"ಹತ್ತು ತಿಂಗಳಿಗೆ ದುಪ್ಪಟ್ಟು ಬರ್ತದಲ್ಲ. ಮುಂದಿನ ವರ್ಷ ಕಲೀತಾಳ. ಅವ್ವನ ಮಾತು ಮೀರಂದ್ರ ನಾ ಮೀರೂದಿಲ್ಲ."

ಮಾನಮ್ಮ ಆ ರಾತ್ರಿ ಗಂಡನನ್ನು ಎದುರಿಸಲಿಲ್ಲ. ಗಂಡನಿಗೆ ಎದುರು ಮಾತಾಡುವುದು ಅವಳಿಗೆ ಹೊಸದಲ್ಲ. ಸತ್ತ ಅತ್ತೆಗೆ ಎದುರು ಹೇಗೆ ಮಾತಾಡುವುದು?

ಮರುದಿನ, ಬುಧವಾರ, ಅವಳು ಮಾರುವ ಖಡಕ್ ರೊಟ್ಟಿಯ ಚೀಲ ಹೊತ್ತು ಬಸ್ಸು ಹಿಡಿದು ಊರಿನ ಇನ್ನೊಂದು ತುದಿಯ ಖರಾಡಿಗೆ ಹೋದಳು. ಅಲ್ಲಿ ಹನ್ನೊಂದನೆಯ ಮಾಳಿಗೆಯಲ್ಲಿ ಕಮಲಮ್ಮ ಎಂಬ ಗಿರಾಕಿ. ಮೈಸೂರಿನ ಕಡೆಯವರು, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಈಗ ಮಗಳ ಮನೆಯಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡಿದ್ದರು. ಮಾನಮ್ಮನ ಮುಖ ನೋಡಿ ಅವರೇ ಕೂರಿಸಿ ಕೇಳಿದರು. ಮಾನಮ್ಮ ಎಲ್ಲ ಹೇಳಿದಳು. ವಾಸನೆಯನ್ನೂ ಬಿಡಲಿಲ್ಲ.

ಕಮಲಮ್ಮ ನಗಲಿಲ್ಲ. "ನೋಡಿ ಮಾನಮ್ಮ, ಮೂವತ್ತು ವರ್ಷ ಕೌಂಟರಿನಲ್ಲಿ ಕೂತಿದ್ದೀನಿ. ಸತ್ತವರು ಕನಸಲ್ಲಿ ಬಂದು ದುಡ್ಡಿನ ವಿಷಯ ಹೇಳಿದ್ರು ಅನ್ನೋದನ್ನ ಬೇಕಾದಷ್ಟು ಸಲ ಕೇಳಿದ್ದೀನಿ. ಒಂದು ವಿಚಿತ್ರ ಗೊತ್ತಾ? ಅವರು ಯಾವಾಗ್ಲೂ ದುಡ್ಡು ಕೇಳೋರ ಕನಸಿಗೇ ಬರ್ತಾರೆ."

"ಆದ್ರ ಕಾಗಿ ತಿಂತಲ್ರಿ ಅಮ್ಮಾರ?"

"ತಿಂದಿರಬಹುದು. ಯಾಕೆ ಅಂತ ನಂಗೆ ಗೊತ್ತಿಲ್ಲ. ಆದ್ರೆ ಕಾಗೆ ರಸೀದಿ ಕೊಡಲ್ಲ ಕಣ್ರೀ."

ಮಾನಮ್ಮನಿಗೆ ಆ ಸಂಕಟದಲ್ಲೂ ನಗು ಬಂತು.

"ಆ ಮನುಷ್ಯನ ಹತ್ರ ನೋಂದಣಿ ಪತ್ರ ಇದೆಯಾ? ಪ್ಲಾಟು ಎಲ್ಲಿದೆ, ಯಾರ ಹೆಸರಲ್ಲಿದೆ? ದುಡ್ಡು ಕೊಟ್ರೆ ಪಕ್ಕಾ ಕಾಗದ ಕೊಡ್ತಾನಾ? ಗುರುವಾರವೇ ಯಾಕೆ ಬೇಕಂತೆ? ಒಳ್ಳೆ ಕಡೆ ಹಾಕೋ ದುಡ್ಡಿಗೆ ಆತುರ ಇರಲ್ಲಮ್ಮ. ಬ್ಯಾಂಕ್ ಕೊಡೋ ಬಡ್ಡಿಗಿಂತ ಹತ್ತು ಪಟ್ಟು ಕೊಡ್ತೀನಿ ಅನ್ನೋನು, ನಿಮ್ಮ ದುಡ್ಡಿನಲ್ಲೇ ಒಂದು ಚೂರು ನಿಮಗೆ ಎರಡು ತಿಂಗಳು ವಾಪಸ್ ಕೊಡ್ತಾನೆ. ಅದನ್ನ ನೋಡಿ ಇನ್ನೂ ನಾಲ್ಕು ಜನ ಬರ್ತಾರೆ. ಆಮೇಲೆ ಅವನೇ ಇರಲ್ಲ."

ಅವರು ರೊಟ್ಟಿ ಎಣಿಸಿ ಎತ್ತಿಡುತ್ತ ಮತ್ತೆ ಹೇಳಿದರು: "ಹೋದ ಮಳೆಗಾಲದಲ್ಲಿ ನಿಮ್ಮ ಯಜಮಾನರಿಗೆ ಡೆಂಗ್ಯೂ ಆದಾಗ ಒಂದು ತಿಂಗಳು ಸಂಬಳ ಇಲ್ಲದೆ ಹೇಗೆ ಒದ್ದಾಡಿದ್ರಿ, ಮರೆತ್ರಾ? ಕೈಗೆ ದುಡ್ಡು ಬಂದ್ರೆ ಮೊದಲು ಅಂಥ ದಿನಕ್ಕೆ ತೆಗೆದಿಡಬೇಕು. ಆಮೇಲೆ ತಡ ಮಾಡಿದ್ರೆ ಕೈತಪ್ಪೋ ಕೆಲಸ, ನಿಮ್ಮ ಹುಡುಗಿ ಫೀಸು. ಉಳಿದಿದ್ದನ್ನ ಒಂದು ತಿಂಗಳು ಬ್ಯಾಂಕಲ್ಲೇ ಬಿಡಿ, ಮನಸ್ಸು ತಿಳಿಯಾಗ್ಲಿ. ಮತ್ತೆ ಇನ್ನೊಂದು. ಆ ಮುನ್ನೂರ ಆರು ರೂಪಾಯಿ ಅವನಿಗೆ ಹೇಗೆ ಗೊತ್ತಾಯ್ತು ಅಂತ ಹುಡುಕಿ. ಅದು ಸಿಕ್ಕಿದ್ರೆ ಎಲ್ಲ ಸಿಕ್ಕ ಹಾಗೆ."

ಬಸ್ಸಿನಲ್ಲಿ ಅವಳ ತಲೆಯಲ್ಲಿ ಅದೊಂದೇ ಸುತ್ತುತ್ತಿತ್ತು. ಸ್ವಾರಗೇಟದಲ್ಲಿ ಇಳಿದಾಗ ಸಂಜೆಯಾಗಿತ್ತು. ಅವಳು ಮೆಟ್ಟಿಲು ಹತ್ತಲಿಲ್ಲ. ವಾಡೆಯನ್ನು ಬಳಸಿಕೊಂಡು ಹಿಂದಕ್ಕೆ ಹೋದಳು. ಸುಖೇಶನ ಖೋಲಿ ಹೊರಗಿನಿಂದಾದರೂ ನೋಡಬೇಕು ಎನಿಸಿತ್ತು.

ಹಿಂದೆ ಎರಡು ಗೋಡೆಗಳ ನಡುವೆ ಒಂದು ಸಂದು. ನೀರಿನ ಪೈಪು, ಪಾಚಿ, ಎತ್ತರದಲ್ಲಿ ಒಂದು ಪಟ್ಟಿ ಆಕಾಶ. ಅಲ್ಲಿ ಯಾರೂ ಕಾಲಿಡುತ್ತಿರಲಿಲ್ಲ. ಅವಳು ನಾಲ್ಕು ಹೆಜ್ಜೆ ಒಳಗೆ ಹೋಗಿರಬೇಕು. ಕಿವಿಯ ಹತ್ತಿರವೇ ಗೋಡೆ ಮಾತಾಡಿತು.

"ಅವ್ವಾ..."

ಮಾನಮ್ಮ ತಟ್ಟನೆ ತಿರುಗಿದಳು. ಸುತ್ತ ಯಾರೂ ಇಲ್ಲ. ದನಿ ತೆಳ್ಳಗೆ, ತಣ್ಣಗೆ, ಬಾವಿಯ ತಳದಿಂದ ಬಂದಂತೆ.

"ಅವ್ವಾ, ನಾಳೆ ಗುರುವಾರ. ನೀ ಹೇಳಿದಂಗ ಮಾಡ್ತೀನಿ..."

ಓಡಬೇಕು ಎಂದು ಕಾಲೆತ್ತಿದವಳು ಅಲ್ಲೇ ನಿಂತಳು. ಅದು ತನ್ನ ಗಂಡನ ದನಿ. ಮೇಲೆ ತಮ್ಮ ಖೋಲಿಯ ಕಿಟಕಿಯಲ್ಲಿ ಅವನು ಪಿಸುಗುಟ್ಟಿದ್ದು ಆ ಎರಡು ಗೋಡೆಗಳ ನಡುವೆ ಇಳಿದು, ಇಲ್ಲಿ ಕಿವಿಯಲ್ಲಿ ಉಸುರಿದಂತೆ ಕೇಳುತ್ತಿತ್ತು. ಅವಳು ತಿರುಗಿ ನೋಡಿದಳು. ಪಕ್ಕದಲ್ಲೇ ಸುಖೇಶನ ಹಿಂದಿನ ಕಿಟಕಿ. ಒಂದು ಬೆರಳಿನಷ್ಟು ತೆರೆದಿತ್ತು. ಒಳಗೆ ಕತ್ತಲು. ಕಿಟಕಿಗೆ ಒತ್ತಿ ಒಂದು ಕುರ್ಚಿ ಎಳೆದಿಟ್ಟಿತ್ತು. ಕುರ್ಚಿಯ ಮೇಲೆ ಯಾರೋ ಕೂತಿದ್ದರು. ಅಲುಗಾಡದೆ, ಕಿವಿಯನ್ನು ಸರಳಿಗೆ ಹಚ್ಚಿ.

ಅವಳು ಸದ್ದಾಗದಂತೆ ಹಿಂದೆ ಸರಿದಳು.

ಮೇಲೆ ಬಂದು ಗಂಡನಿಗೆ ಏನೂ ವಿವರಿಸಲಿಲ್ಲ. ಸುಖೇಶ್ ಚಹಕ್ಕೆಂದು ಹೊರಗೆ ಹೋಗುವ ತನಕ ಅಂಗಳದ ಕಡೆ ಕಣ್ಣಿಟ್ಟು ಕಾದಳು. ಆಮೇಲೆ, "ರೀ, ಒಂದ ಸಲ ಹಿಂದಿನ ಸಂದಿಗೆ ಹೋಗಿ ನಿಂದರ್ರಿ. ಪೈಪಿನ ಬಾಜೂಕ. ಮಾತಾಡಬ್ಯಾಡ್ರಿ," ಎಂದಳು.

"ಯಾಕ? ನಿನಗ ತಲಿಗಿಲಿ ಕೆಟ್ಟದೇನು?"

"ಕೆಟ್ಟದಂತ ತಿಳ್ಕೋರಿ. ಹೋಗ್ರಿ."

ಅವನು ಗೊಣಗುತ್ತ ಇಳಿದ. ಮಾನಮ್ಮ ಕಿಟಕಿಗೆ ಬಂದು ನಿಂತಳು. ಕಾಗೆ ಇರಲಿಲ್ಲ. ಏನು ಮಾತಾಡಬೇಕೆಂದು ಅವಳು ಗಟ್ಟಿ ಮಾಡಿಕೊಂಡಿರಲಿಲ್ಲ. ಬಾಯಿ ತೆರೆದಾಗ ಬಂದದ್ದು ಇಷ್ಟು:

"ಅತ್ತೀ, ಕಡೀ ವರ್ಷ ನೀವು ಹಾಸಿಗಿ ಹಿಡದಾಗ ಸ್ನೇಹಲ್ ನಿಮ್ಮ ಮೈ ಒರಸಾಕಿ. ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಾಕಿ. ಹದಿನೈದು ವರ್ಷದ ಕೂಸು. ನರ್ಸ್ ಆಗ್ತೀನಿ ಅಂತ ಆಕಿ ಅಂದದ್ದು ಆವಾಗ. ಈಗ ಆಕಿ ಬಾಯಿ ಬಿಟ್ಟು ಕೇಳವಲ್ಲಳು. ನಿಮ್ಮ ಮಗ ಕಾಗಿನ್ನ ಕೇಳ್ತಾರ, ಸುಖೇಶನ್ನ ಕೇಳ್ತಾರ. ಮಗಳನ್ನ ಮಾತ್ರ ಒಂದ ಸಲನೂ ಕೇಳಲಿಲ್ಲ."

ಬಹಳ ಹೊತ್ತು ಪಂಢರಿನಾಥ ಬರಲಿಲ್ಲ. ಬಂದಾಗ ಮುಖ ಬೂದಿಯಾಗಿತ್ತು. ಹೊಸ್ತಿಲಲ್ಲೇ ಕೂತ.

"ಕುರ್ಚಿ ನೋಡಿದ್ರಿ?"

"ನೋಡಿದೆ. ಇಷ್ಟು ದಿನ ನಾ ಅವ್ವನ ಜೋಡಿ ಮಾತಾಡಿದೆ ಅನ್ಕೊಂಡಿದ್ದೆ. ಆ ಸುಖೇಶನ ಜೋಡಿ ಮಾತಾಡೀನಿ."

ಒಳಗಿದ್ದ ಮಗಳನ್ನು ಕರೆದ. "ಸ್ನೇಹಲ್, ನಾಳೆ ಅಂಗಡಿಗೆ ರಜಾ ಹಾಕ್ತೀನಿ. ಕಾಲೇಜಿಗೆ ಹೋಗೂಣು ನಡಿ."

ಗುರುವಾರ ಬೆಳಿಗ್ಗೆ ಸುಖೇಶ್ ಬಂದಾಗ ಪಂಢರಿನಾಥ ನೋಂದಣಿ ಪತ್ರ ತೋರಿಸು ಎಂದ. "ನಮ್ಮ ನಿಮ್ಮ ನಡುವ ಕಾಗದ ಯಾಕ್ರಿ ಅಣ್ಣಾ, ಅವ್ವಾರ ಹೇಳ್ಯಾರಲ್ಲ," ಎಂದ ಅವನು. "ಹಂಗಾರ ಅವ್ವನ ಕಡೆನ ಇಸ್ಕೋ ಹೋಗು," ಎಂದು ಪಂಢರಿನಾಥ ಬಾಗಿಲು ಹಾಕಿದ. ಇಪ್ಪತ್ತು ದಿನ ಕಳೆಯುವುದರೊಳಗೆ ಕೆಳಗಿನ ಖೋಲಿಗೆ ಬೀಗ ಬಿದ್ದಿತು. ಫೋನೂ ಬಂದ್. ಪೊಲೀಸರಿಗೆ ದೂರು ಕೊಟ್ಟಾಗಿದೆ. ಭೀಮಣ್ಣ ಮಾತ್ರ ದಿನಾ ಸಂಜೆ ಆ ಬಾಗಿಲ ಮುಂದೆ ಬಂದು ಮೆಲ್ಲಗೆ ಕದ ತಟ್ಟುತ್ತಾನೆ. ತಟ್ಟಿ, ಕಿವಿಗೊಟ್ಟು, ಒಳಗೆ ಯಾರೋ ಓಡಾಡಿದಂತಾಯಿತು ಎನ್ನುತ್ತಾನೆ. ಒಳಗೆ ಏನೂ ಇಲ್ಲ.

ಗೌರಾಬಾಯಿಯ ರೊಕ್ಕದಲ್ಲಿ ಸ್ನೇಹಲ್‌ಳ ಮೊದಲ ವರ್ಷದ ಫೀ ಕಟ್ಟಿದರು. ಎಪ್ಪತ್ತು ಸಾವಿರ ಆಪತ್ತಿಗೆಂದು ಬೇಕಾದಾಗ ಸಿಗುವ ಹಾಗೆ ಬ್ಯಾಂಕಿನಲ್ಲೇ ಇಟ್ಟರು. ಮೂವರಿಗೂ ಸೇರಿ ಆಸ್ಪತ್ರೆಯ ಖರ್ಚಿನ ವಿಮೆ ಮಾಡಿಸಿದರು. ಮುಂದಿನ ವರ್ಷದ ಫೀಗೆ ಠೇವಣಿ ಇಟ್ಟು, ಅದರ ಕಾಗದ ಎಲ್ಲಿದೆ ಎಂದು ಮನೆಯ ಮೂವರಿಗೂ ತೋರಿಸಿಟ್ಟರು. ಉಳಿದದ್ದರಲ್ಲಿ ಒಂದು ದಿನ ಹೋಳಿಗೆ ಊಟ. ಮಿಶ್ರಿಯ ವಾಸನೆ ಎಲ್ಲಿಂದ ಬಂತು ಎಂದು ಇವತ್ತಿಗೂ ಯಾರಿಗೂ ತಿಳಿದಿಲ್ಲ. ತಿಳಿಯಬೇಕಾದ ಅಗತ್ಯವೂ ಇಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಎಂದಾದರೂ ಹೀಗೆ ನೆನೆಸದ ರೊಕ್ಕ ಬರಬಹುದು. ಠೇವಣಿ ಇರಬಹುದು, ವಿಮೆ, ಬೋನಸ್ಸು, ನಿವೃತ್ತಿಯ ಗಂಟು ಇರಬಹುದು. ಬಂದ ದಿನವೇ ಅದಕ್ಕೆ ಕಾಲು ಹಚ್ಚಿ ಓಡಿಸಬೇಡಿ. ಒಂದು ತಿಂಗಳು ಬ್ಯಾಂಕಿನಲ್ಲಿ ಸುಮ್ಮನೆ ಮಲಗಲಿ. ಎಷ್ಟು ಬಂತೆಂದು ಊರಿಗೆ ಸಾರಬೇಡಿ. ಬೇಗ ಕೊಡು ಎನ್ನುವವನಿಗೆ, ದುಪ್ಪಟ್ಟು ಎನ್ನುವವನಿಗೆ, ಕಾಗದ ಯಾಕೆ ಎನ್ನುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಂಶಯ ಬಂದರೆ ಬ್ಯಾಂಕಿಗೆ ಹೋಗಿ ಕೇಳಿ, ಕೇಳುವುದಕ್ಕೆ ದುಡ್ಡು ಬೀಳುವುದಿಲ್ಲ. ಮತ್ತೆ ಒಂದು ಸಂಜೆ ಮನೆಯವರೆಲ್ಲ ಒಟ್ಟಿಗೆ ಕೂತು, ಅತ್ಯಂತ ಕಡಿಮೆ ಮಾತಾಡುವವರು ಯಾರೋ ಅವರನ್ನು ಮೊದಲು ಕೇಳಿ: ನಿನಗೆ ಏನು ಬೇಕಾಗಿದೆ?