ಕಾವೇರಿಯ ಅರಿಶಿಣಕ್ಕೆ ಆಯಿಯ ದನಿ

ಹಾಡಿನ ಪ್ಲೇಯರಿನೊಳಗೆ ಏನೂ ಇಲ್ಲ ಅಂದ ಗುರುಪ್ರಸಾದ. ಶರಣಬಸವೇಶ್ವರ ಗುಡಿಯ ಹಿಂದೆ ಕಂಪ್ಯೂಟರ್ ಅಂಗಡಿ ಇಟ್ಟವನು. ಕಮಲಾಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಕಲಬುರಗಿಗೆ ಬಂದಿದ್ದೆ. ತಲೆ ಮೊದಲೇ ಕಾದಿತ್ತು.

"ಇಲ್ಲ ಅಂದ್ರ ಹ್ಯಾಂಗ್ರಿ? ಕಿವಿಗಿ ಹಚ್ಚಿದ್ರ ಹಾಡ್ತದ."

"ನಮ್ಮ ಕಂಪ್ಯೂಟರ್ ಲಿನಕ್ಸ್ ಅದ ರೀ, ವಿಂಡೋಸ್ ಅಲ್ಲ. ಪ್ಲೇಯರ್ ಬರೇ ಚಾರ್ಜ್ ಆಗ್ಲತ್ತದ, ಒಳಗಿಂದು ಕಾಣವಲ್ದು. ಕುಂದರ್ರಿ, ನೋಡಮು."

ನಾನು ಕೂಡಲಿಲ್ಲ. ಮರುದಿನ ನನ್ನ ತಂಗಿ ಕಾವೇರಿಗೆ ಅರಿಶಿಣ. ನಮ್ಮ ಓಣಿಯಲ್ಲಿ ಮನೆಯ ಹಿರಿಯಾಕೆ ಹಾಡು ಎತ್ತದೆ ಯಾರೂ ಅರಿಶಿಣದ ಬಟ್ಟಲಿಗೆ ಕೈ ಹಾಕುವುದಿಲ್ಲ. ನಮ್ಮ ಹಿರಿಯಾಕೆ ಅಪ್ಪನ ತಾಯಿ ಕಸ್ತೂರಿಬಾಯಿ, ನಮಗೆ ಆಯಿ. ಯುಗಾದಿ ಆದಮೇಲೆ ಲಕ್ವಾ ಹೊಡೆದು ಆಕೆಯ ಬಲಗೈ ಹೋಯಿತು, ಮಾತೂ ಹೋಯಿತು. ಆಕೆಯ ಹಾಡು ಉಳಿದಿದ್ದು ಈ ಪ್ಲೇಯರಿನಲ್ಲಿ ಮಾತ್ರ. ಮೈಕ್ ಸೆಟ್ಟಿನ ದತ್ತಪ್ಪನ ಪೆಟ್ಟಿಗೆಗೆ ಪೆನ್ ಡ್ರೈವ್ ಬಿಟ್ಟು ಬೇರೇನೂ ಹತ್ತುವುದಿಲ್ಲವಂತೆ.

ಗುರುಪ್ರಸಾದ ಪ್ಲೇಯರಿನ ಗುಂಡಿ ಒತ್ತಿ ಒತ್ತಿ ಸೆಟ್ಟಿಂಗಿಗೆ ಹೋಗಿ, ಯುಎಸ್‌ಬಿ ಮೋಡ್ ಬದಲಿಸಿ, ವೈರು ಕಿತ್ತು ಮತ್ತೆ ಚುಚ್ಚಿದ. ಹಾಡುಗಳು ಪರದೆ ಮೇಲೆ ಬಂದವು. ಒಂದನ್ನು ಒತ್ತಿದ.

ಆಯಿಯ ದನಿ ಅಂಗಡಿ ತುಂಬಿತು. ಮೊದಲ ಸಾಲಿನಲ್ಲೇ ಬಾಬಾಸಾಹೇಬರ ಹೆಸರು. ಫಾರ್ಮ್ ತುಂಬಲು ಬಂದಿದ್ದ ಕಾಲೇಜು ಹುಡುಗರು ತಿರುಗಿ ನೋಡಿದರು. ಸಾಲು ಮುಗಿಯುವ ಮೊದಲೇ ಗುರುಪ್ರಸಾದನ ಕೈ ಸೀದಾ ಸ್ಪೀಕರಿಗೆ ಹೋಗಿ ದನಿ ಅಡಗಿಸಿತು.

"ಇದೆಂಥ ಹಾಡಪ್ಪ? ಚಲೋ ಡಿಜೆ ಹಾಡು ತುಂಬಿ ಕೊಡ್ತೀನಿ, ತಗೊಂಡ್ ಹೋಗು."

ಅಲ್ಲಿಯವರೆಗೆ ಇದ್ದ 'ರೀ' ಎಲ್ಲಿ ಹೋಯಿತು? ನಾನು ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವನು. ಈ ಲೆಕ್ಕ ಕಲಿಯಲು ಶಾಲೆ ಬೇಕಾಗುವುದಿಲ್ಲ.

"ನಿನಗ ಹಾಡು ಕೇಳು ಅಂತ ಯಾರ್ ಕರದಾರ? ಕಾಪಿ ಮಾಡು," ಅಂದೆ. ರೀ ನಾನೂ ಬಿಟ್ಟೆ.

ಪರದೆ ಮೇಲಿನ ಪಟ್ಟಿ ತುಂಬಿದ್ದೇ ತಡ, ಪ್ಲೇಯರು, ಪೆನ್ ಡ್ರೈವು ಎರಡನ್ನೂ ಕಿತ್ತುಕೊಂಡೆ.

"ಏ ತಡಿ, ಇನ್ನಾ ಬರೀಲತ್ತದ. ಇಜೆಕ್ಟ್ ಮಾಡಿ ತೆಗೀಬೇಕು."

"ನಿನ್ನ ಇಜೆಕ್ಟ್ ನಿನ್ನ ಬಲ್ಲೇ ಇಟ್ಕೋ."

ಬಸ್ಸಿನಲ್ಲಿ ಕಮಲಾಪುರದ ತನಕ ಒಳಗೊಳಗೇ ಅವನನ್ನು ಬೈದೆ.

ಮರುದಿನ ಕಾವೇರಿ ಹಳದಿ ಸೀರೆ ಉಟ್ಟು ಮಣೆ ಮೇಲೆ ಕೂತಳು. ಸುತ್ತ ಓಣಿಯ ಹೆಂಗಸರು, ಮಂಚದ ಮೇಲೆ ಆಯಿ. ದತ್ತಪ್ಪ ಪೆನ್ ಡ್ರೈವ್ ಚುಚ್ಚಿದ, ತೆಗೆದ, ಮತ್ತೆ ಚುಚ್ಚಿ ನನ್ನ ಕಡೆ ತಿರುಗಿದ.

"ಕಪಿಲ, ಹಾಡಿನ ಹೆಸರಷ್ಟೇ ಬಂದಾವ. ಹಾಡು ಬಂದಿಲ್ಲ."

ಗುರುಪ್ರಸಾದನನ್ನು ಬೈದೆ, ಲಿನಕ್ಸನ್ನು ಬೈದೆ, ದತ್ತಪ್ಪನನ್ನೂ ಬಿಡಲಿಲ್ಲ.

"ನನಗ್ಯಾಕ ಬೈತಿ ಮಾರಾಯಾ? ನಾ ಏನ್ ಲಿನಕ್ಸ್ ಇದ್ದೀನೇನು?" ಅಂದ ದತ್ತಪ್ಪ.

"ಅಣ್ಣಾ, ಒದರಾದು ಸಾಕು," ಕಾವೇರಿ ಅಂದಳು. "ಪ್ಲೇಯರ್ ಕೆಟ್ಟಿಲ್ಲಲ್ಲ? ಆಯಿ ಕಿವಿಗಿ ಹಚ್ಚು. ತನ್ನ ಹಾಡು ಕೇಳಿ ಆಕಿ ಹೂಂ ಅಂದ್ರ, ಎತ್ತಿದಂಗೇ ಆತು."

ಹಚ್ಚಿದೆ. ಆಯಿ ಕೇಳಿದಳು. ಹುಬ್ಬು ಗಂಟಾದವು. ಎಡಗೈಯಿಂದ ಇಯರ್‌ಫೋನ್ ಕಿತ್ತು ಒಗೆದು ಮಂಚ ಬಡಿದಳು.

"ಕಾ... ಕಾ..."

"ನೀರು ಬೇಕೇನು ಆಯಿ?"

ಎಷ್ಟು ದಡ್ಡನನ್ನು ಹೆತ್ತಿದ್ದಾರೆ ಎನ್ನುವಂತೆ ನೋಡಿದಳು. ಇಯರ್‌ಫೋನ್ ನನ್ನ ಕಿವಿಗೆ ಹಚ್ಚಿಕೊಂಡೆ. ಈ ಹಾಡಿನ ಸಾಲುಸಾಲಿಗೂ ಮದುಮಗಳ ಹೆಸರು ಹಾಕುತ್ತಾರೆ. ಪ್ರತಿ ಸಾಲಿನ ತುದಿಗೂ ಆಯಿ ಸುನಂದಾ, ಸುನಂದಾ ಅನ್ನುತ್ತಿದ್ದಳು. ಸುನಂದಾ ಚಿಕ್ಕಪ್ಪನ ಮಗಳು. ಅವಳ ಅರಿಶಿಣದಲ್ಲೇ ನಾನು ಇದನ್ನು ತುಂಬಿಕೊಂಡಿದ್ದು. ಇನ್ನೊಬ್ಬಳ ಹೆಸರಿನ ಹಾಡಿಗಾಗಿ ಅಷ್ಟು ದೂರ ಹೋಗಿ ಜಗಳಾಡಿದ್ದೆ.

"ಕಾ... ವೇ..." ಆಯಿಯ ಕುತ್ತಿಗೆಯ ನರ ಉಬ್ಬಿದ್ದವು. ಬಾಯಿ ಒಂದು ಕಡೆ ಸೊಟ್ಟಾಗಿತ್ತು. "...ರಿ."

"ಎತ್ತಿದಳ್ರೆವ್ವಾ," ಅಂದಳು ಹಿಂದಿನಿಂದ ಒಬ್ಬ ಮುದುಕಿ. ಆ ಹೆಸರಿನಿಂದಲೇ ಹೆಂಗಸರು ಹಾಡು ಹಿಡಿದರು. ಅವ್ವ ಬಟ್ಟಲಿಗೆ ಕೈ ಹಾಕಿದಳು. ದತ್ತಪ್ಪ ಮೈಕ್ ಹಿಡಿದು ಓಡಿಬಂದ. ಆಯಿ ನೋಡಿದ ನೋಟಕ್ಕೆ ಅಲ್ಲೇ ನಿಂತ.

ಎರಡನೇ ಸಾಲಿಗೆ ಹೆಂಗಸರು ತಪ್ಪಿದರು. ಆಯಿ ಮತ್ತೆ ಮಂಚ ಬಡಿದಳು. ಎಲ್ಲರೂ ಮೊದಲಿನಿಂದ ಹಾಡಿದರು.