ಕಾಡೆಮ್ಮೆಯ ಬಾವುಟ

ನಾನು ಒಂದು ಬಾವುಟ, ಅಮೆರಿಕದ ವಯೋಮಿಂಗ್ ರಾಜ್ಯದ್ದು. ನೀಲಿ ಮೈ, ಸುತ್ತ ಬಿಳಿಯ ಅಂಚು, ಅದರಾಚೆ ಕೆಂಪು ಅಂಚು. ನಟ್ಟನಡುವೆ ಬಿಳಿಯ ಕಾಡೆಮ್ಮೆ. ಹೊಲಿದ ಹೆಂಗಸು ಕೊನೆಯ ದಾರವನ್ನು ಹಲ್ಲಿನಲ್ಲಿ ಕಡಿದು, ತಿರುಗಿಯೂ ನೋಡದೆ ನನ್ನನ್ನು ರಾಶಿಗೆ ಎಸೆದಳು.

ಅಂಚೆಯಲ್ಲಿ ಬಂದು ಸೇರಿದ್ದು ಹುಲ್ಲುಗಾವಲಿನ ಒಂಟಿ ಕೋಣೆಯ ಶಾಲೆಗೆ. ಕಣ್ಣು ಹಾಯುವವರೆಗೂ ಹುಲ್ಲು, ಗಾಳಿ. ವಿನಿಫ್ರೆಡ್ ಮೇಡಂ ಪ್ರತಿ ಬೆಳಿಗ್ಗೆ ನನ್ನನ್ನು ಏರಿಸುತ್ತಿದ್ದರು. ಮೊದಲು ಒಂಬತ್ತು ಮಕ್ಕಳಿದ್ದರು. ಹತ್ತಿರದ ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ ಒಂದೊಂದೇ ಮನೆ ಖಾಲಿಯಾಯಿತು. ಕೊನೆಗೆ ಉಳಿದವಳು ಕುರಿ ಸಾಕುವವನ ಮಗಳು ಅಡೀಲಾ. ಮೇಡಂ ಮತ್ತು ಅವಳು ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದರು. ಅವಳು ಎಂಟನೆಯ ತರಗತಿ ಪಾಸಾದರೆ ಪಟ್ಟಣದ ಹೈಸ್ಕೂಲಿಗೆ ಹೋಗುವಳು, ಶಾಲೆಗೆ ಬೀಗ.

ಪರೀಕ್ಷೆಯ ದಿನ ಪ್ರಶ್ನೆ ಕೇಳಲು ಪಟ್ಟಣದಿಂದ ಶಿಕ್ಷಣ ಅಧಿಕಾರಿ ಬಂದರು. ಗಾಳಿಗೆ ಕಿಟಕಿಯತ್ತ ವಾಲಿದ್ದ ನನಗೆ ಎಲ್ಲವೂ ಕೇಳಿಸಿತು.

"ನಮ್ಮ ರಾಜ್ಯದ ರಾಜಧಾನಿ ಯಾವ್ದು?"

"ಗೊತ್ತಿಲ್ಲ ಸಾರ್."

"ರಾಜ್ಯದ ಹಕ್ಕಿ?"

"ಕಾಗೆ ಇರ್ಬೇಕು."

"ಹಾಗಾದ್ರೆ ಇನ್ನೊಂದು ವರ್ಷ ಇಲ್ಲೇ ಓದ್ಬೇಕಾಗುತ್ತೆ," ಎಂದರು ಅಧಿಕಾರಿ. ಅಡೀಲಾಳ ಮುಖ ಅರಳಿತು.

ಮೇಡಂ ಅವಳ ಪಕ್ಕ ಮೊಣಕಾಲೂರಿ ಕೂತರು. "ಎಲ್ಲಾ ಗೊತ್ತಿದ್ದೂ ಯಾಕಮ್ಮ ಹೀಗೆ?"

"ನಾನು ಹೋದ್ರೆ ನೀವು ಯಾರ ಜೊತೆ ಊಟ ಮಾಡ್ತೀರಿ?"

ಮೇಡಂ ಅವಳ ಕೈ ಹಿಡಿದುಕೊಂಡರು. "ಅದು ನನ್ನ ಪಾಡು. ನನಗೋಸ್ಕರ ನೀನು ದಡ್ಡಿ ಆಗ್ಬೇಡ. ಹೇಳು."

ಅಡೀಲಾ ಬಿಕ್ಕುತ್ತಲೇ ಹೇಳಿದಳು. ರಾಜಧಾನಿ ಶಾಯೆನ್. ಹಕ್ಕಿ ಹಳದಿ ಎದೆಯ ಮೆಡೋಲಾರ್ಕ್. ಹೂವು ಕುಂಚದಂತಿರುವ ಕೆಂಪು ಪೇಂಟ್‌ಬ್ರಷ್. ಮರ ಕಾಟನ್‌ವುಡ್. ದೇಶದಲ್ಲಿ ಮೊದಲು ಹೆಂಗಸರಿಗೆ ಮತದ ಹಕ್ಕು ಕೊಟ್ಟ ನಾಡು, ಅದಕ್ಕೇ 'ಸಮಾನತೆಯ ರಾಜ್ಯ' ಎಂಬ ಹೆಸರು. ಒಂದೂ ತಪ್ಪಲಿಲ್ಲ. ಅಧಿಕಾರಿ ಪಾಸು ಎಂದು ಬರೆದುಕೊಂಡರು.

ಅಂದು ಸಂಜೆ ಇಬ್ಬರೂ ಆಚೀಚೆ ನಿಂತು ನನ್ನನ್ನು ಮಡಿಸಿದರು. ಮೇಡಂ ಶಾಲೆಗೆ ಬೀಗ ಹಾಕಿದರು.

ಮೇಡಂ ನನ್ನನ್ನು ತಮ್ಮ ಮನೆಯ ಗೋಡೆಗೆ ಹಾಕಿಕೊಂಡರು. ಅಡೀಲಾಳಿಂದ ಮೊದಲ ಚಳಿಗಾಲ ಮೂರು ಕಾಗದ ಬಂದವು. ಆಮೇಲೆ ಬರಲಿಲ್ಲ. "ಓದೋಕೆ ಜಾಸ್ತಿ ಇರುತ್ತೆ," ಎಂದು ಮೇಡಂ ನನಗೆ ಹೇಳುತ್ತಿದ್ದರು. ಹೇಳಲು ಬೇರೆ ಯಾರೂ ಇರಲಿಲ್ಲ.

ಅವರು ತೀರಿಕೊಂಡ ಮೇಲೆ ಹಳೆ ಸಾಮಾನಿನ ಅಂಗಡಿಗೆ ಬಂದೆ. ನನ್ನ ನೀಲಿ ಮಾಸಿದೆ, ಅಂಚು ಹರಿದಿದೆ. ಕೊಳ್ಳಲು ಬಂದವರಿಗೆ ಅಂಗಡಿಯಾತ ಹೇಳುತ್ತಾನೆ: "ದೇಶದಲ್ಲೇ ಅತಿ ಕಡಿಮೆ ಜನ ಇರೋ ರಾಜ್ಯ ಇದು."

ಇರಬಹುದು. ನಾನು ಕಂಡ ರಾಜ್ಯದಲ್ಲಿ ಇಬ್ಬರೇ ಇದ್ದರು. ಒಬ್ಬಳು ಉಳಿಯಲು ನೋಡಿದಳು. ಇನ್ನೊಬ್ಬರು ಅವಳನ್ನು ಕಳಿಸಿಕೊಟ್ಟರು.