ಕಡೆಯ ಬೆಂಚಿನ ಚನಮಲ್ಲಪ್ಪ

ಹೊಸ ಪಠ್ಯಕ್ರಮ ಬಂದ ವರ್ಷ ಜಮಖಂಡಿಯ ನಮ್ಮ ಶಿಕ್ಷಕರ ತರಬೇತಿ ಶಾಲೆಯಲ್ಲಿ ನೇಯ್ಗೆ ಹೋಯಿತು, ನಾನು ಉಳಿದೆ. ನೇಯ್ಗೆ ಕಲಿಸಲೆಂದೇ ಬನಹಟ್ಟಿಯಿಂದ ಬಂದವನು ನಾನು. ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು. ಕಾಯಂ ನೌಕರನನ್ನು ಹಾಗೆ ಬಿಚ್ಚಿಡಲು ಬರುವುದಿಲ್ಲವಲ್ಲ! ವೇಳಾಪತ್ರಿಕೆಯಲ್ಲಿ ಮಾತ್ರ ನನ್ನ ಹೆಸರಿಲ್ಲ. ಊಟಕ್ಕಿಲ್ಲದ ಉಪ್ಪಿನಕಾಯಿ ಅಂತಾರಲ್ಲ, ಅದಾಗಿದ್ದೆ.

ಮರ್ಯಾದೆಗೇನೂ ಕೊರತೆಯಿರಲಿಲ್ಲ. ಚಹಾ ಮೊದಲು ನನಗೇ ಬರುತ್ತಿತ್ತು. ‘ಸರ್’ ಎನ್ನುವರು, ಅಲ್ಲಿಗೆ ಮಾತು ಮುಗಿಯಿತು. ನಾನು ಮದುವೆಯಾದವನಲ್ಲ. ಅವ್ವ ಇರುವತನಕ ಸಂಜೆ ಬಾಗಿಲಲ್ಲೇ ಹೆಸರು ಹಿಡಿದು ಕರೆಯುತ್ತಿದ್ದಳು, ತಡವಾದರೆ ಬೈಯುತ್ತಿದ್ದಳು. ಅವಳು ಹೋದ ಮೇಲೆ ನನ್ನನ್ನು ‘ನೀ’ ಎನ್ನುವ ಒಂದು ಜೀವವೂ ಉಳಿಯಲಿಲ್ಲ. ಅದೆಂಥ ಹಸಿವು ಎನ್ನುವುದು ಕರೆಯುವವರು ಇದ್ದವರಿಗೆ ತಿಳಿಯದು.

ಅಷ್ಟರಲ್ಲಿ ಗಂಗಾರಾಮ ಮಾಸ್ತರರು ಮೈಸೂರಿನಿಂದ ಸೂಕ್ಷ್ಮ ಬೋಧನೆ ಕಲಿತು ಬಂದರು. ಒಬ್ಬ ಪ್ರಶಿಕ್ಷಣಾರ್ಥಿ ಕೆಲವೇ ನಿಮಿಷದ ಪಾಠ ಮಾಡಬೇಕು, ಉಳಿದವರು ಐದನೆಯ ಇಯತ್ತೆಯ ಮಕ್ಕಳಾಗಿ ಕೂರಬೇಕು. ಅವರಲ್ಲೊಂದು ಮಗು ತಪ್ಪು ಉತ್ತರ ಹೇಳಲೇಬೇಕು. ಇಲ್ಲದಿದ್ದರೆ ತಿದ್ದುವುದನ್ನು ಕಲಿಯುವುದು ಹೇಗೆ? ಮಾಸ್ತರರಾಗಲು ಬಂದವರು ದಡ್ಡರಾಗಲು ಒಪ್ಪಲಿಲ್ಲ. ಸುಮ್ಮನೆ ಕೂತಿದ್ದ ನಾನೇ ಒಪ್ಪಿದೆ.

ಕಡೆಯ ಬೆಂಚು ನನ್ನದಾಯಿತು. ಪ್ರತಿದಿನ ತಪ್ಪು ಉತ್ತರಗಳನ್ನು ತಯಾರಿಸಿಕೊಂಡು ಹೋಗುತ್ತಿದ್ದೆ. ಘಟಪ್ರಭೆ ಎಲ್ಲಿ ಹುಟ್ಟುತ್ತದೆ ಎಂದರೆ ಮುಧೋಳದ ಬಸ್ ನಿಲ್ದಾಣದಲ್ಲಿ ಎನ್ನುವಷ್ಟು ತಯಾರಿ. ಆದರೆ ಕೇಳುವವರು ಯಾರು? ಮಗುವನ್ನು ಹೆಸರು ಹಿಡಿದೇ ಕೇಳಬೇಕೆಂದು ನಿಯಮ. ತಲೆನರೆತ ಮಾಸ್ತರನನ್ನು ಬರೀ ಹೆಸರಿನಿಂದ ಕರೆಯಲು ಯಾರ ನಾಲಿಗೆ ಎದ್ದೀತು? ಪಾಠ ಮಾಡುವವರ ಕಣ್ಣು ನನ್ನವರೆಗೆ ಬಂದು, ಪಕ್ಕದ ಕರೆಪ್ಪನ ಮೇಲೆ ಇಳಿಯುತ್ತಿತ್ತು. ಮಳೆಗಾಲ ಹೋಗಿ ಚಳಿ ಬಂತು. ನನ್ನ ತಪ್ಪುಗಳೆಲ್ಲ ನನ್ನಲ್ಲೇ ಉಳಿದವು.

ಪ್ರಶಿಕ್ಷಣಾರ್ಥಿಗಳಲ್ಲಿ ಗುರುಬಾಯಿ ಸಮೀರವಾಡಿಯ ಕಡೆಯವಳು, ಸ್ವಲ್ಪ ಮುಂಗೋಪಿ. ಕಡೆಯ ಬೆಂಚಿಗೆ ಪ್ರಶ್ನೆಯನ್ನೇ ಕೇಳಲಿಲ್ಲವೆಂದು ಗಂಗಾರಾಮರು ಅವಳ ಹಿಂದಿನ ಪಾಠವನ್ನು ತಿರಸ್ಕರಿಸಿದ್ದರು. ಈ ಸಲ ಅವಳು ನೇಯ್ಗೆಯ ಪಾಠ ತಂದಿದ್ದಳು. ಮಗ್ಗದಲ್ಲಿ ಅಡ್ಡ ಹಾಯುವ ನೂಲಿಗೆ ಏನೆನ್ನುತ್ತಾರೆ ಎಂದು ಕೇಳಿ, ನೇರ ನನ್ನನ್ನೇ ನೋಡಿದಳು.

“ಚನಮಲ್ಲಪ್ಪ, ನೀ ಹೇಳು.”

ಮುಂದಿನ ಬೆಂಚಿನವರೆಲ್ಲ ತಿರುಗಿ ನೋಡಿದರು. ನಾನು ಎದ್ದು ನಿಂತೆ. ಅಡ್ಡ ನೂಲು ಹೊಕ್ಕು, ಉದ್ದ ನೂಲು ಹಾಸು. ಮಾತು ಬರುವ ಮೊದಲೇ ಕಲಿತದ್ದು ಅದು.

“ಹಾಸುರಿ, ಅಕ್ಕೋರ” ಎಂದೆ. ಅಪ್ಪ ಕೇಳಿದ್ದರೆ ಲಾಳಿಯಿಂದಲೇ ಬಡಿಯುತ್ತಿದ್ದ.

ಅವಳು ನಗಲಿಲ್ಲ, ಬೈಯಲಿಲ್ಲ. ಹತ್ತಿರ ಬಂದು, ಲಾಳಿ ಹೇಗೆ ಓಡುತ್ತದೆ, ಕೈಯಿಂದ ತೋರಿಸು ಎಂದಳು. ಗಾಳಿಯಲ್ಲಿ ಕೈ ಓಡಿಸಿದೆ, ಆ ಕಡೆಯಿಂದ ಈ ಕಡೆಗೆ. ಎಷ್ಟೋ ದಿನದ ಮೇಲೆ ಆ ಕೈಗೆ ಕೆಲಸ ಸಿಕ್ಕಿತ್ತು. “ಹೊಕ್ಕುರಿ” ಎಂದೆ.

“ಶಾಬ್ಬಾಸ್ ಚನಮಲ್ಲಪ್ಪ. ಕೂಡು.”

ಕೂತೆ. ಸುಖವೆನಿಸಿತು. ಸುಳ್ಳು ಹೇಳಲಾರೆ, ಅಷ್ಟು ಸುಖ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ಪಾಠ ಮುಗಿದ ಮೇಲೆ ಗುರುಬಾಯಿ ಅಳುತ್ತ ಬಂದು ನನ್ನ ಕಾಲು ಮುಟ್ಟಿದಳು. ಗಂಗಾರಾಮರು ಎದ್ದು ನಿಂತರು. ಅವರಿಗೂ ನಾಚಿಕೆಯಾಗಿತ್ತು.

“ಪಾಠ ಛಲೋ ಆತು. ಆದ್ರ ಹಿರ್ಯಾರಿಗೆ ನೀ ಅನಸಿದ್ದು ನನ್ನ ತಪ್ಪು. ನಾಳಿಂದ ಸರ್‌ಗ ನನ್ನ ಬಾಜೂಕ ಕುರ್ಚಿ ಹಾಕ್ರಿ.”

ಎಲ್ಲರೂ ತಲೆಯಾಡಿಸಿದರು. ಬೇಡ ಎನ್ನಬೇಕಿತ್ತು. ಆದರೆ ಏನೆಂದು ಹೇಳಲಿ? ಇಷ್ಟು ವಯಸ್ಸಿನವನು, ನನಗೆ ನೀ ಅನ್ನಿರಪ್ಪ ಎಂದು ಬೇಡಲೇ?

ಮರುದಿನ ಕುರ್ಚಿ ಬಂತು, ಮೇಲೊಂದು ದಿಂಬು. ಕಡೆಯ ಬೆಂಚಿನಲ್ಲಿ ನನ್ನ ಜಾಗ ಖಾಲಿ ಇತ್ತು. ಪಾಠ ಕರೆಪ್ಪನದು. ಅವನು ಪ್ರಶ್ನೆ ಕೇಳಿ, ಯಾರು ಹೇಳುತ್ತೀರಿ ಎಂದ. ನನ್ನ ಕೈ ತಾನಾಗಿಯೇ ಮೇಲೆದ್ದಿತು.

ಕರೆಪ್ಪ ಪಾಠ ನಿಲ್ಲಿಸಿ ಓಡಿಬಂದ. “ಏನ್ ಬೇಕಾಗಿತ್ರಿ ಸರ್? ನೀರ ತರಸ್ಲೇನ್ರಿ?”

“ಹೂಂನಪಾ, ತರಸು” ಎಂದೆ.

ತಾಟಿನಲ್ಲಿಟ್ಟು ನೀರು ತಂದರು. ನನಗೆ ಬಾಯಾರಿಕೆ ಇರಲಿಲ್ಲ. ಎಲ್ಲರೂ ಕಾಯುತ್ತಿದ್ದರು, ಕುಡಿದೆ.